ಸಂಜೆ ನಾಲ್ಕು ಗಂಟೆಯ ಚೆಲ್ಲೋ

ಕೆನಡಾದ ಸ್ಟೀವನ್ ಗ್ಯಾಲೊವೇ 2008ರಲ್ಲಿ ಬರೆದ 'ದಿ ಚೆಲಿಸ್ಟ್ ಆಫ್ ಸರಯೇವೊ' ಕಾದಂಬರಿಯನ್ನು ನಾನು ಓದಿದ್ದು ಆಫೀಸ್ ಬಸ್ಸಿನಲ್ಲಿ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ದಯೆಯಿಂದ ನಾಲ್ಕೇ ದಿನಕ್ಕೆ ಮುಗೀತು. ಕೊನೆಯ ಪುಟಕ್ಕೆ ಬಂದಾಗ ಕಣ್ಣು ಒದ್ದೆಯಾಗಿತ್ತು, ಸುಳ್ಳು ಹೇಳಲ್ಲ. ಆಮೇಲೆ ಆ ಚೆಲ್ಲೋ ವಾದಕ ನಿಜವಾಗಿ ಯಾರು ಅಂತ ಹುಡುಕೋಕೆ ಹೋದೆ ನೋಡಿ, ತಲೆನೋವು ಅಲ್ಲಿಂದ ಶುರುವಾಯ್ತು.

ಮೊದಲು ನಡೆದದ್ದು ಹೇಳ್ತೀನಿ. ಬೋಸ್ನಿಯಾದ ರಾಜಧಾನಿ ಸರಯೇವೊವನ್ನು ಸರ್ಬ್ ಪಡೆಗಳು 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿವರೆಗೆ ಮುತ್ತಿಗೆ ಹಾಕಿ ಕೂತಿದ್ದವು. ಸುತ್ತಲ ಗುಡ್ಡಗಳಿಂದ ಷೆಲ್ಲು, ಗುಂಡು. 1992ರ ಮೇ 27ರಂದು ಬ್ರೆಡ್ಡಿಗೆ ಕ್ಯೂ ನಿಂತಿದ್ದ ಜನರ ಮೇಲೆ ಷೆಲ್ ಬಿತ್ತು. 22 ಮಂದಿ ಸತ್ತರು ಅನ್ನೋ ಸುದ್ದಿ ಜಗತ್ತಿನ ತುಂಬ ಹೋಯಿತು. ಅದಾದ ಮೇಲೆ ವೆದ್ರಾನ್ ಸ್ಮೈಲೋವಿಚ್ ಅನ್ನೋ ಚೆಲ್ಲೋ ವಾದಕರು ಕಛೇರಿಯ ಉಡುಪು ತೊಟ್ಟು, ವಾದ್ಯ ಹೊತ್ತುಕೊಂಡು ಬೀದಿಗೆ ಬಂದರು. 'ಅಲ್ಬಿನೋನಿಯ ಅಡಾಜಿಯೊ' ಅಂತ ಹೆಸರಾದ ಕೃತಿ ನುಡಿಸಿದರು. ಹೆಣ ಹೂಳುವಲ್ಲಿ ನುಡಿಸಿದರು. ಆ ವರ್ಷ ಆಗಸ್ಟಿನಲ್ಲಿ ಸುಟ್ಟುಹೋದ ರಾಷ್ಟ್ರೀಯ ಗ್ರಂಥಾಲಯದ ಅವಶೇಷಗಳ ನಡುವೆ ಕೂತು ನುಡಿಸಿದರು.

ಸ್ಮೈಲೋವಿಚ್ ಒಬ್ಬಂಟಿಯಾಗಿ ಕಛೇರಿ ಕೊಟ್ಟು ಹೆಸರು ಮಾಡಿದವರಲ್ಲ. ಸರಯೇವೊದ ಒಪೆರಾದಲ್ಲಿ, ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದವರು. ಚೆಲ್ಲೋ ಅಂದ್ರೆ ಪಿಟೀಲಿನ ದೊಡ್ಡಣ್ಣ. ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ವಾದ್ಯ. ಆರ್ಕೆಸ್ಟ್ರಾದಲ್ಲಿ ಚೆಲ್ಲೋದವರು ಗುಂಪಾಗಿ ಕೂತು ಒಂದೇ ಸಾಲನ್ನು ನುಡಿಸ್ತಾರೆ. ಅಲ್ಲಿ ಒಬ್ಬರ ಬಿಲ್ಲು ಬೇರೆಯಾಗಿ ಕೇಳಿಸಿತು ಅಂದ್ರೆ ಅದು ತಪ್ಪು. ಕೇಳಿಸದಂತೆ ಇರೋದನ್ನೇ ಕಸುಬಾಗಿ ಕಲಿತ ಮನುಷ್ಯ ಹೀಗೆ ಒಬ್ಬನೇ ಬೀದಿಯಲ್ಲಿ ಕೂತದ್ದು ನನಗೆ ದೊಡ್ಡ ವಿಷಯ ಅನ್ನಿಸುತ್ತೆ.

ಕಾದಂಬರಿಗೆ ಇದರಲ್ಲಿ ಆಸಕ್ತಿ ಕಡಿಮೆ. ಅಲ್ಲಿನ ಚೆಲ್ಲೋ ವಾದಕನಿಗೆ ಹೆಸರಿಲ್ಲ. ಸಂಜೆ ನಾಲ್ಕು ಗಂಟೆಗೆ ಷೆಲ್ ಬೀಳುತ್ತೆ, 22 ಜನ ಸಾಯ್ತಾರೆ, ಇವನು 22 ದಿನ ದಿನಾ ಅದೇ ನಾಲ್ಕು ಗಂಟೆಗೆ ಅದೇ ಜಾಗದಲ್ಲಿ ನುಡಿಸ್ತಾನೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕ್ರಾನ್ ಜಾಬ್. ಹೊತ್ತು ಗೊತ್ತಿರೋದ್ರಿಂದ ಶತ್ರು ಕಾದು ಹೊಡೀಬಹುದು. ಅವನನ್ನು ಕಾಯೋಕೆ ಆ್ಯರೋ ಎಂಬ ಸ್ನೈಪರ್ ಹೆಣ್ಣು. ಕಥೆಯ ಬಿಗಿ ಎಲ್ಲಾ ನಿಂತಿರೋದು ಆ ನಾಲ್ಕು ಗಂಟೆಯ ಮೇಲೆ.

ಪುಸ್ತಕ ಬಂದಮೇಲೆ ಸ್ಮೈಲೋವಿಚ್ ಸಿಟ್ಟಾದರು. 1993ರಲ್ಲಿ ಊರು ಬಿಟ್ಟಿದ್ದ ಅವರು ಆಗ ಉತ್ತರ ಐರ್ಲೆಂಡಿನ ಸಣ್ಣ ಊರೊಂದರಲ್ಲಿದ್ದರು. ತನ್ನ ಗುರುತನ್ನೇ ಕದ್ದಿದ್ದಾರೆ ಅಂದರು, ಪರಿಹಾರ ಕೇಳಿದರು. ಷೆಲ್ ಬಿದ್ದದ್ದು ಬೆಳಿಗ್ಗೆ ಹತ್ತಕ್ಕೆ, ಗುಂಡಿಗೆ ಸಿಗಬಾರದು ಅಂತಲೇ ನಾನು ಹೊತ್ತು ಬದಲಾಯಿಸ್ತಾ ಇದ್ದೆ, ನಾನೇನು ದಡ್ಡನಲ್ಲ ಅಂದರು. ಲೆಕ್ಕ ಹಾಕಿ 22 ದಿನ ನುಡಿಸಿದವನೂ ಅಲ್ಲ, ಮುತ್ತಿಗೆಯೊಳಗೆ ಇದ್ದಷ್ಟು ದಿನ ನುಡಿಸಿದೆ ಅಂದರು.

ಇದನ್ನು ಓದಿದ ಮೇಲೆ ಕಾದಂಬರಿ ನನಗೆ ಬೇರೆಯಾಗಿ ಕಾಣಿಸ್ತು. ಸಾವಿಗೆ ಎದೆಕೊಟ್ಟು ಕೂತ ಸಂತ ಓದುಗರಿಗೆ ಇಷ್ಟ ಆಗ್ತಾನೆ. ಹೊತ್ತು ನೋಡಿಕೊಂಡು, ಜೀವ ಉಳಿಸಿಕೊಂಡು, ನಾಳೆಯೂ ನುಡಿಸಬೇಕು ಅನ್ನೋ ಕಸುಬುದಾರ ಅಷ್ಟು ಇಷ್ಟ ಆಗಲ್ಲ. ಆದರೆ ಧೈರ್ಯ ಜಾಸ್ತಿ ಬೇಕಾಗಿರೋದು ಎರಡನೆಯವನಿಗೇ ಅಲ್ವಾ?

ತಮಾಷೆ ಅಂದ್ರೆ, ಆ ಅಡಾಜಿಯೊದ ಹಣೆಬರಹವೂ ಇದೇ. ಹದಿನೆಂಟನೇ ಶತಮಾನದ ವೆನಿಸ್‌ನ ಅಲ್ಬಿನೋನಿಯದ್ದು ಅಂತ ಹೆಸರು. 1958ರಲ್ಲಿ ಅದನ್ನು ಪ್ರಕಟಿಸಿದವರು ರೆಮೋ ಜಝೊತ್ತೊ ಎಂಬ ಸಂಗೀತ ವಿದ್ವಾಂಸ. ಡ್ರೆಸ್ಡೆನ್‌ನ ಸುಟ್ಟ ಗ್ರಂಥಾಲಯದಲ್ಲಿ ಸಿಕ್ಕ ತುಣುಕಿನಿಂದ ಕಟ್ಟಿದ್ದು ಅನ್ನೋ ಕತೆಯಿಂದಲೇ ಕಾದಂಬರಿ ಶುರುವಾಗುತ್ತೆ. ಅದು ಹೆಚ್ಚುಕಮ್ಮಿ ಜಝೊತ್ತೊ ಅವರದ್ದೇ ರಚನೆ ಅಂತ ಇವತ್ತು ತಿಳಿದವರು ಹೇಳ್ತಾರೆ. ಅಲ್ಲಿ ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರ ಹೆಸರು. ಇಲ್ಲಿ ಒಬ್ಬರು ಬದುಕಿದ್ದಕ್ಕೆ ಹೆಸರೇ ಇಲ್ಲ.

ಹಾಗಂತ ಪುಸ್ತಕ ಕೆಟ್ಟದ್ದು ಅನ್ನಲಾರೆ. ಅದರಲ್ಲಿ ಕೆನಾನ್ ಅಂತೊಬ್ಬ ಬರ್ತಾನೆ. ಗುಂಡುಗಳ ನಡುವೆ ನಗರ ದಾಟಿ, ಬಿಯರ್ ಕಾರ್ಖಾನೆಯ ಹತ್ತಿರ ಹೋಗಿ ಮನೆಗೆ ನೀರು ತರೋದು ಅವನ ಕೆಲಸ. ಪಕ್ಕದ ಮನೆ ಮುದುಕಿಗೂ ತರಬೇಕು. ಅವಳು ಕೊಟ್ಟಿರೋ ಬಾಟಲಿಗಳಿಗೆ ಹಿಡಿಯೇ ಇಲ್ಲ! ಬೇಸಿಗೆಯಲ್ಲಿ ತೋಟದ ಬಾವಿಯಿಂದ ಕೊಡ ಹೊತ್ತವನು ನಾನು. ಹಿಡಿ ಇಲ್ಲದ ಪಾತ್ರೆಯ ಸಂಕಟ ಲೇಖಕರಿಗೆ ಗೊತ್ತಿದೆ. ಆ ಪುಟಗಳಿಗೆ ಚೆಲ್ಲೋ ವಾದಕನ ಹಂಗೇ ಬೇಕಿರಲಿಲ್ಲ.

ಗುಡ್ಡದ ಮೇಲಿನವರನ್ನು ಕಾದಂಬರಿ ಬರೀ 'ಗುಡ್ಡದ ಮೇಲಿನ ಜನ' ಅನ್ನುತ್ತೆ, ಸರ್ಬರು ಅನ್ನಲ್ಲ. ಎಲ್ಲ ಯುದ್ಧಕ್ಕೂ ಅನ್ವಯಿಸಲಿ ಅನ್ನೋ ಆಸೆ ಇರಬಹುದು. ಆದರೆ ಕೊಂದವರಿಗೂ ಹೆಸರಿಲ್ಲ, ನುಡಿಸಿದವರಿಗೂ ಹೆಸರಿಲ್ಲ ಅಂದ್ರೆ ಉಳಿಯೋದು ಯಾವ ಊರು? 1994ರ ಜೂನ್‌ನಲ್ಲಿ ಅದೇ ಸುಟ್ಟ ಗ್ರಂಥಾಲಯದಲ್ಲಿ ಸರಯೇವೊ ಫಿಲ್‌ಹಾರ್ಮೊನಿಕ್ ಮೊಜಾರ್ಟನ ರಿಕ್ವಿಯಮ್ ನುಡಿಸಿತು. ನಿರ್ದೇಶಿಸಿದ್ದು ನಮ್ಮ ಮುಂಬೈನ ಜುಬಿನ್ ಮೆಹ್ತಾ. ಅವತ್ತು ಚೆಲ್ಲೋ ಸಾಲಿನಲ್ಲಿ ಕೂತವರ ಬಗ್ಗೆ ಯಾವ ಕಾದಂಬರಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಷ್ಟೆಲ್ಲ ನ್ಯಾಯ ಹೇಳೋಕೆ ನನಗೇನು ಅರ್ಹತೆ? ನಮ್ಮೂರಿನ ನಾಟಕದ ಹಾರ್ಮೋನಿಯಂ ಮೇಷ್ಟ್ರ ಬಗ್ಗೆ ನಾನೂ ಬ್ಲಾಗಿನಲ್ಲಿ ಬರೆದಿದ್ದೆ. ಹೆಂಡತಿ ತೀರಿಕೊಂಡ ವಾರದಲ್ಲೇ ಕುರುಕ್ಷೇತ್ರ ನಾಟಕಕ್ಕೆ ನುಡಿಸಿದ್ದರು. ಹಾರ್ಮೋನಿಯಂ ಮೇಲೆ ಕಣ್ಣೀರು ಬಿತ್ತು ಅಂತ ಒಂದು ಸಾಲು ಸೇರಿಸಿದ್ದೆ. ಅದನ್ನೇ ಎಲ್ಲರೂ ಹೊಗಳಿದರು. ಹಬ್ಬಕ್ಕೆ ಊರಿಗೆ ಹೋದಾಗ ಮೇಷ್ಟ್ರು ಕರೆದು ಕೂರಿಸಿದರು.

"ಚೆನ್ನಾಗ್ ಬರ್ದಿದೀಯ ಅಂತ ಮೊಮ್ಮಗ ಓದಿ ಹೇಳ್ದ ಕಣಪ್ಪ. ಆದ್ರೆ ನಾನು ಅವತ್ತು ಅಳ್ಲಿಲ್ಲ. ಅತ್ತಿದ್ರೆ ಹುಡುಗ್ರಿಗೆ ಶ್ರುತಿ ಯಾರು ಕೊಡೋರು?"

ಆ ಸಾಲು ತೆಗೆದಿದ್ದೀನಿ. ಮೇಷ್ಟ್ರು ಹೇಳಿದ ಮಾತನ್ನು ಅಲ್ಲಿ ಹಾಕಿದ್ದೀನಿ, ಈ ಸಲ ಕೇಳಿಕೊಂಡು.