ಬಳ್ಳಾರಿಯ ಮಾನಸಿಕ ಆರೋಗ್ಯ ಪ್ರಯೋಗ ಮತ್ತು ಮನೆಯಿಲ್ಲದವರು: ಒಂದು ವಿಮರ್ಶೆ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೮೫ರಿಂದ ೧೯೯೦ರ ವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಮಾನಸಿಕ ಆರೋಗ್ಯ ಪ್ರಯೋಗವು ನಮ್ಮ ವೈದ್ಯಚರಿತ್ರೆಯಲ್ಲಿ ಪ್ರಶಸ್ತವಾದ ಸ್ಥಾನವನ್ನು ಪಡೆದಿದೆ. ಅಂದಿನ ಬಳ್ಳಾರಿ ಜಿಲ್ಲೆಯೆಂದರೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳೆಲ್ಲವನ್ನೂ ಒಳಗೊಂಡ ವಿಶಾಲ ಪ್ರದೇಶ. ೧೯೮೨ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಕಾಗದದ ಮೇಲೆ ಹೇಳಿದ್ದನ್ನು ಇಡೀ ಜಿಲ್ಲೆಯೊಂದರಲ್ಲಿ ನಡೆಸಿ ತೋರಿಸಿದ ಕೀರ್ತಿ ಈ ಪ್ರಯೋಗಕ್ಕೆ ಸಲ್ಲತಕ್ಕದ್ದು. ೧೯೯೬ರಲ್ಲಿ ಭಾರತ ಸರ್ಕಾರವು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿ ಮುಂದೆ ದೇಶದಲ್ಲೆಲ್ಲ ವಿಸ್ತರಿಸಿದ ಯೋಜನೆಗೆ ಬಳ್ಳಾರಿಯೇ ಮಾದರಿ. ಇದರ ಗುಣಗಳನ್ನು ಮನೋವೈದ್ಯರು ಸಾಕಷ್ಟು ವಿವರಿಸಿರುವರು. ಚರಿತ್ರೆಯ ಅಧ್ಯಾಪಕರಾದ ನಾವು ಕೇಳಬೇಕಾದ ಪ್ರಶ್ನೆ ಬೇರೊಂದುಂಟು: ಈ ಮಾದರಿಯ ಕಣ್ಣಿಗೆ ಬೀಳದೆ ಉಳಿದವರು ಯಾರು?

ಪ್ರಯೋಗವು ನಿಂತಿದ್ದುದು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೇಲೆ. ಅಲ್ಲಿನ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಕಾಲದ ತರಬೇತಿಯಿತ್ತು, ಆಯ್ದ ಕೆಲವೇ ಔಷಧಗಳನ್ನು ಒದಗಿಸಲಾಯಿತು. ಮನೆಮನೆಗೆ ಹೋಗುವ ಕಾರ್ಯಕರ್ತರು ಚಿತ್ತವಿಕಾರ, ಮೂರ್ಛೆರೋಗ ಮೊದಲಾದವುಗಳ ಲಕ್ಷಣವುಳ್ಳವರನ್ನು ಗುರುತಿಸಬೇಕಾಗಿತ್ತು. ರೋಗಿಯನ್ನು ಕರೆತರುವವರು, ಮಾತ್ರೆ ನುಂಗಿಸುವವರು, ಮುಂದಿನ ತಿಂಗಳು ಮರಳಿ ಬರುವಂತೆ ನೋಡಿಕೊಳ್ಳುವವರು ಮನೆಯವರೇ. ಚಿಕಿತ್ಸೆಯನ್ನು ದೂರದ ಆಸ್ಪತ್ರೆಯ ಗೋಡೆಗಳಿಂದ ಬಿಡಿಸಿ ಮನೆಯಂಗಳಕ್ಕೆ ತಂದದ್ದು ದೊಡ್ಡ ಸಾಧನೆಯೆಂಬುದು ನಿರ್ವಿವಾದ. ಆದರೆ ಇಲ್ಲಿ ಎಣಿಕೆಯ ಮೂಲಘಟಕವೇ ಮನೆ. ಅಂಗಳವೇ ಇಲ್ಲದವನು ಈ ಎಣಿಕೆಯ ಹೊರಗೆ ನಿಂತನು.

ಹಂಪಿಯಂತಹ ಕ್ಷೇತ್ರದಲ್ಲಿ ಈ ಲೋಪವು ಎದ್ದು ಕಾಣುತ್ತದೆ. ಯಾತ್ರಾಸ್ಥಳವು ಮನೆ ತೊರೆದವರನ್ನೂ ಮನೆಯಿಂದ ತಳ್ಳಲ್ಪಟ್ಟವರನ್ನೂ ಸೆಳೆಯುವುದು ಹೊಸ ಸಂಗತಿಯಲ್ಲ. ಪ್ರಸಾದವುಂಟು, ಯಾತ್ರಿಕರ ಭಿಕ್ಷೆಯುಂಟು, ತಲೆಯ ಮೇಲೆ ಕಲ್ಲಿನ ಮಾಡುಂಟು. ಮಾತು ತಪ್ಪಿದವನನ್ನು ಕೂಡ ಸಾಧುವೆಂದು ಕೈಮುಗಿದು ಮುಂದೆ ಸಾಗುವ ಜನರುಂಟು. (ಈ ಭಕ್ತಿಯು ಎಷ್ಟೋ ವೇಳೆ ರೋಗವನ್ನು ಮರೆಮಾಡುತ್ತದೆಂದು ನಮ್ಮ ಭಾವನೆ.) ೨೦೧೧ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನೇ ಎಬ್ಬಿಸಲಾಯಿತು. ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದುದರಿಂದ ಸಂಡೂರಿನ ಕಡೆಯ ಕೂಲಿಕಾರರ ಅನ್ನಕ್ಕೂ ಸಂಚಕಾರ ಬಂದಿತು. ನೆಲೆ ತಪ್ಪುವುದಕ್ಕೆ ಚಿತ್ತವಿಕಾರವೊಂದೇ ಕಾರಣವಲ್ಲ. ನೆಲೆ ತಪ್ಪಿದ ಮೇಲೆ ಚಿತ್ತ ಕದಡುವುದೂ ಉಂಟು.

ಆಶ್ರಯದ ಯೋಜನೆಗಳೂ ಈ ಜನರನ್ನು ಸರಿಯಾಗಿ ಅಳೆಯಲಿಲ್ಲ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾನದಂಡವು ಒಂದು ಲಕ್ಷ ನಗರವಾಸಿಗಳಿಗೆ ನೂರು ಜನರ ಒಂದು ಆಶ್ರಯ ಎಂದಿತ್ತು. ೨೦೧೧ರ ಜನಗಣತಿಯಲ್ಲಿ ಎರಡು ಲಕ್ಷ ಮೀರಿದ್ದ ಹೊಸಪೇಟೆಗೆ ಈ ಲೆಕ್ಕ ಹೊಂದುತ್ತದೆ. ಕಂಪ್ಲಿ, ಸಂಡೂರುಗಳು ಆಗ ಅರ್ಧ ಲಕ್ಷವನ್ನೂ ಮುಟ್ಟಿರಲಿಲ್ಲ. ಹಂಪಿಯಂತೂ ಒಂದು ಗ್ರಾಮ. ಅಲೆಯುವವನು ಊರಿನ ಜನಸಂಖ್ಯೆಯನ್ನು ನೋಡಿ ಬರುವನೆ?

ಇನ್ನು ಕಾನೂನಿನ ವಿಚಾರ. ೧೯೧೨ರ ಕಾಯಿದೆಯು ಅಲೆದಾಡುವ ಚಿತ್ತರೋಗಿಯನ್ನು ಪೊಲೀಸರು ಬಂಧಿಸಬಹುದೆಂದಿತು. (ಸಂಡೂರು ಅಂದು ಘೋರ್ಪಡೆ ಮನೆತನದ ಸಂಸ್ಥಾನ; ಉಳಿದ ಮೂರು ಊರುಗಳು ಮದರಾಸು ಪ್ರಾಂತಕ್ಕೆ ಸೇರಿದ್ದವು.) ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ ನೂರನೆಯ ಕಲಮು ಬಂಧನವೆಂಬ ಮಾತನ್ನು ಬಿಟ್ಟು ರಕ್ಷಣೆಯೆಂದಿದೆ. ಲಾಕಪ್ಪಿನಲ್ಲಿಡಕೂಡದು, ಇಪ್ಪತ್ತನಾಲ್ಕು ಗಂಟೆಗಳೊಳಗೆ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು, ಮನೆಯವರನ್ನು ಹುಡುಕಬೇಕು. ಈ ಬದಲಾವಣೆಯನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ೨೦೨೧ರಲ್ಲಿ ವಿಜಯನಗರ ಜಿಲ್ಲೆ ರಚಿತವಾದಂದಿನಿಂದ ಹೊಸಪೇಟೆ, ಹಂಪಿಗಳು ಒಂದು ಜಿಲ್ಲೆಗೂ ಸಂಡೂರು, ಕಂಪ್ಲಿಗಳು ಮತ್ತೊಂದಕ್ಕೂ ಸೇರಿವೆ. ತಳವಾರಘಟ್ಟದಲ್ಲಿ ಹರಿಗೋಲು ಹತ್ತಿ ಆನೆಗೊಂದಿಗೆ ಇಳಿದರೆ ಕೊಪ್ಪಳ ಜಿಲ್ಲೆ. ಒಂದೇ ವಾರದಲ್ಲಿ ಮೂರು ಜಿಲ್ಲೆಗಳನ್ನು ಕಾಲ್ನಡೆಯಲ್ಲಿ ಸುತ್ತುವವನ ಚಿಕಿತ್ಸೆಯು ಜಿಲ್ಲೆಯ ಗಡಿಯಲ್ಲಿ ನಿಲ್ಲಬಾರದಷ್ಟೆ.

ಬೇರೆಡೆಗಳಲ್ಲಿ ನಡೆದ ಎರಡು ಪ್ರಯತ್ನಗಳು ಇಲ್ಲಿ ವಿಚಾರಾರ್ಹ. ೨೦೧೮ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಡಾ. ಭರತ್ ವಾಟವಾನಿಯವರ ಶ್ರದ್ಧಾ ಸಂಸ್ಥೆಯು ಬೀದಿಯ ರೋಗಿಗಳಿಗೆ ಚಿಕಿತ್ಸೆಯಿತ್ತು ಅವರನ್ನು ಸ್ವಂತ ಮನೆಗೆ ಮುಟ್ಟಿಸುತ್ತದೆ. ೧೯೯೩ರಲ್ಲಿ ಮದರಾಸಿನಲ್ಲಿ ಹುಟ್ಟಿದ ಬನ್ಯನ್ ಸಂಸ್ಥೆಯು ಮರಳಲು ಮನೆಯಿಲ್ಲದವರು ಸಾಮಾನ್ಯರ ನಡುವೆಯೇ ಬಾಡಿಗೆಯ ಮನೆಗಳಲ್ಲಿ ಕೂಡಿ ಬಾಳುವ ಏರ್ಪಾಟನ್ನೂ ಮಾಡಿತು. ಮೊದಲನೆಯದರ ಉಪಕಾರ ಅಪಾರವಾದರೂ, ಮನೆಯಲ್ಲಿ ಪೆಟ್ಟು ತಿಂದು ಹೊರಬಿದ್ದ ಹೆಂಗಸಿಗೆ ಎರಡನೆಯದೇ ಯುಕ್ತವೆಂದು ನಮಗೆ ತೋರುತ್ತದೆ.

ನಮ್ಮ ಊರುಗಳಲ್ಲಿ ಅಲೆಯುವವರನ್ನು ನಿತ್ಯವೂ ಕಾಣುವವರು ಚಹಾದ ಅಂಗಡಿಯವರು, ಹೂ ಮಾರುವವರು, ಹರಿಗೋಲಿನವರು, ಆಟೋ ಚಾಲಕರು. ನಿನ್ನೆ ಇದ್ದವನು ಇಂದು ಇಲ್ಲವೆಂದು ಮೊದಲು ತಿಳಿಯುವುದು ಅವರಿಗೆ. ೧೯೮೫ರಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಕೊಟ್ಟಂತಹ ತರಬೇತಿಯನ್ನು ಇವರಿಗೂ ಕೊಡಬಹುದು. ಮೂರು ಜಿಲ್ಲೆಗಳ ಆಸ್ಪತ್ರೆಗಳು ಒಂದೇ ದಾಖಲೆಯನ್ನು ಇಡಬಹುದು. ೨೦೧೪ರಲ್ಲಿ ಕರ್ನಾಟಕ ಸರ್ಕಾರವು ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಂತೆ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಟಾಯಿತು. ವಾರದ ಪರಿವೆಯೇ ಇಲ್ಲದವನು ಅಲ್ಲಿಗೆ ತಾನಾಗಿ ಹೋಗನು. ಆ ವೈದ್ಯರು ತಿಂಗಳಿಗೊಂದು ಮಂಗಳವಾರ ಹಂಪಿಯ ರಥಬೀದಿಗೂ ಕಂಪ್ಲಿ, ಸಂಡೂರುಗಳ ಬಸ್ ನಿಲ್ದಾಣಕ್ಕೂ ಹೋಗುವುದಕ್ಕೆ ಹೊಸ ಕಾಯಿದೆಯೇನೂ ಬೇಕಾಗಿಲ್ಲ.