ಹೋಗು–ಹೋದ, ಗೋ–ವೆಂಟ್

ಸಂಜೆ ಶಿರಾ ಗೇಟ್ ಕಡೆಯ ಟ್ಯೂಷನ್ ಮನೆಗಳ ಮುಂದೆ ಹಾದುಹೋದರೆ ಮಗ್ಗಿಯ ರಾಗದಲ್ಲಿ ‘ಗೋ ವೆಂಟ್ ಗಾನ್’ ಕೇಳಿಸುತ್ತದೆ. ನಾನೂ ಹಾಗೇ ಕಲಿತವನು. ‘ಗೋಡ್’ ಎಂದು ಬರೆದು ಏಟು ತಿಂದವನು. ಈಗ ಆ ಗೈಡುಗಳನ್ನು ತೆರೆದರೆ ಬೇರೆಯೇ ತಕರಾರು ಏಳುತ್ತದೆ. ‘ವೆಂಟ್’ ಎದುರು ‘ಹೋದನು’ ಎಂದಿರುತ್ತದೆ. ‘ಹೋಗು’ವಿನ ಗಕಾರ ಎಲ್ಲಿ ಹೋಯಿತು? ಯಾರೂ ಕೇಳುವುದಿಲ್ಲ. ಇಂಗ್ಲಿಷ್ ಮಾತ್ರ ಸೊಟ್ಟ, ಕನ್ನಡ ನೆಟ್ಟಗೆ ಎಂಬಂತೆ ಪಟ್ಟಿ ಮುಂದುವರಿಯುತ್ತದೆ.

ಮಾಡು–ಮಾಡಿದ ಎನ್ನುವ ಬಾಯಿಯೇ ನಗು–ನಕ್ಕ, ಬೀಳು–ಬಿದ್ದ, ಬರು–ಬಂದ ಎನ್ನುತ್ತದಲ್ಲ! ಕೇಶಿರಾಜ 13ನೇ ಶತಮಾನದಲ್ಲೇ ‘ಶಬ್ದಮಣಿದರ್ಪಣ’ದಲ್ಲಿ ಧಾತುಗಳಿಗೆಂದೇ ಪ್ರಕರಣ ಮೀಸಲಿಟ್ಟ. ನಮ್ಮ ಜಿಲ್ಲೆಯವರೇ ಆದ ತೀ.ನಂ.ಶ್ರೀ. ‘ಕನ್ನಡ ಮಧ್ಯಮ ವ್ಯಾಕರಣ’ವನ್ನು ವಿದ್ಯಾರ್ಥಿಗಳಿಗಾಗಿಯೇ ಬರೆದರು. ಗೈಡು ಬರೆದವರು ಎರಡನ್ನೂ ಮುಟ್ಟಿದಂತಿಲ್ಲ.

ಹೋಲಿಕೆ ಪೂರ್ತಿ ಹೊಂದುವುದಿಲ್ಲ, ನಿಜ. ಕೊಟ್ಟ, ಇಟ್ಟ, ನೆಟ್ಟ ಇವುಗಳಲ್ಲಿ ಒಂದು ಹದವಿದೆ: ಡಕಾರಕ್ಕೆ ತಕಾರ ಸೇರಿ ‘ಟ್ಟ’. ‘ವೆಂಟ್’ ಹಾಗಲ್ಲ, ಅದು ‘ವೆಂಡ್’ ಎಂಬ ಬೇರೆ ಕ್ರಿಯಾಪದದ ಭೂತಕಾಲ. ‘ಗೋ’ ಅದನ್ನು ತನ್ನದಾಗಿಸಿಕೊಂಡಿತು. ಆದರೂ ಎರಡೂ ಕಡೆ ಇಂಥವು ಉಳಿದಿರುವುದು ದಿನವೂ ಬಾಯಲ್ಲಿ ಆಡುವ ಮಾತುಗಳಲ್ಲೇ. ಹೊಸದಾಗಿ ಬಂದವು ಅಲ್ಲಿ ‘ಗೂಗಲ್ಡ್’, ಇಲ್ಲಿ ‘ಗೂಗಲಿಸಿದ’, ತಂಟೆಯಿಲ್ಲ. (‘ನಕ್ಕ’ ತೊಡಕೆನಿಸಿದವರು ‘ನಗಾಡಿದ’ ಎಂದು ದಾರಿ ಸುಲಭ ಮಾಡಿಕೊಂಡಿದ್ದಾರೆ.)

ಮೊನ್ನೆ ಅಕ್ಕನ ಮಗಳು ‘ಅಜ್ಜಿ ಚಾಕ್ಲೇಟ್ ಕೊಡಿದಳು’ ಎಂದಾಗ ಮನೆಯವರೆಲ್ಲ ನಕ್ಕು ಮುದ್ದಾಡಿದರು. ಅವಳು ಮಾಡಿದ್ದು ನನ್ನ ‘ಗೋಡ್’ ತಪ್ಪನ್ನೇ. ನನಗೆ ಬಿದ್ದದ್ದು ಸ್ಕೇಲಿನ ಏಟು.