ನವೋದಯ ಕಾವ್ಯದಲ್ಲಿ ಖಗೋಳಜ್ಞಾನ: ಬೇಂದ್ರೆಯವರ ಕಾಲಪಕ್ಷಿ

ರಮ್ಯಸಂಪ್ರದಾಯದ ಕಾವ್ಯವು ವಿಜ್ಞಾನಕ್ಕೆ ವಿರೋಧಿಯೆಂಬ ಅಭಿಪ್ರಾಯವು ಪಾಠಪ್ರವಚನಗಳಲ್ಲಿ ರೂಢವಾಗಿದೆ. 1820ರಲ್ಲಿ ಪ್ರಕಟವಾದ ‘ಲೇಮಿಯ’ದಲ್ಲಿ ಕೀಟ್ಸನು, ಶಾಸ್ತ್ರದ ಸ್ಪರ್ಶದಿಂದ ಕಾಮನಬಿಲ್ಲಿನ ಸೊಬಗು ಅಳಿಯಿತೆಂದು ಮರುಗಿದುದೇ ಇದಕ್ಕೆ ಆಧಾರ. ಆದರೆ ವರ್ಡ್ಸ್‌ವರ್ತನು 1802ರ ಪೀಠಿಕೆಯಲ್ಲಿ, ರಸಾಯನಜ್ಞನ ಹಾಗೂ ಸಸ್ಯಶಾಸ್ತ್ರಜ್ಞನ ಶೋಧಗಳು ಜನರ ಬಾಳಿನಲ್ಲಿ ಬೆರೆತಂದು ಅವೂ ಕವಿಗೆ ವಸ್ತುವಾಗುವುವೆಂದನು. ಕೋಲ್‌ರಿಜ್ಜನು ಅದೇ ವರ್ಷ ಡೇವಿಯ ರಸಾಯನೋಪನ್ಯಾಸಗಳಿಗೆ ಹೋಗಿ ಕುಳಿತನು. ಆದುದರಿಂದ ವಿರೋಧವೊಂದನ್ನೇ ಎತ್ತಿ ಹೇಳುವುದು ಅರ್ಧಸತ್ಯ.

ಕನ್ನಡದಲ್ಲಿಯೂ ಈ ಎರಡು ವಿದ್ಯೆಗಳು ಬೇರೆ ಬೇರೆ ಮನೆಗಳಲ್ಲಿ ಬೆಳೆದುವಲ್ಲ. 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದ ಭೌತಶಾಸ್ತ್ರದ ಅಧ್ಯಾಪಕರಾದ ಬೆಳ್ಳಾವೆ ವೆಂಕಟನಾರಣಪ್ಪನವರೇ 1931ರಲ್ಲಿ ಪರಿಷತ್ತಿನಿಂದ ಪ್ರಕಟವಾದ ‘ಪಂಪಭಾರತ’ದ ಸಂಪಾದಕರು. ಅದರ ಮರುವರ್ಷ ಬೇಂದ್ರೆಯವರ ‘ಗರಿ’ ಬೆಳಕಿಗೆ ಬಂದಿತು. ಆ ಸಂಗ್ರಹದ ‘ಹಕ್ಕಿ ಹಾರುತಿದೆ’ ಎಂಬ ಕವಿತೆ ಪ್ರಕೃತ ವಿಚಾರಕ್ಕೆ ಒಳ್ಳೆಯ ನಿದರ್ಶನ.

ಈ ಕವಿತೆಯಲ್ಲಿ ಹಕ್ಕಿಯೆಂದರೆ ಕಾಲವೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಮೊದಲ ಪದ್ಯದಲ್ಲಿಯೇ ಕವಿಯು ಹಾರಾಟವನ್ನು ಗಾವುದಗಳಿಂದಲೂ ಎವೆಯಿಕ್ಕುವ ಹೊತ್ತಿನಿಂದಲೂ ಅಳೆಯುತ್ತಾನೆ. ದೂರವನ್ನು ಹೊತ್ತಿಗೆ ಹೊಂದಿಸಿ ನೋಡುವುದೇ ವೇಗದ ಲಕ್ಷಣ. ಮುಂದೆ ಹಕ್ಕಿಯು ಬೆಳ್ಳಿ, ತಿಂಗಳು, ಮಂಗಳ ಎಂಬ ಕ್ರಮದಲ್ಲಿ ಸಾಗುತ್ತದೆ. ಹಳೆಯ ಸಿದ್ಧಾಂತಗಳ ಭೂಕೇಂದ್ರಕ್ರಮದಲ್ಲಿ ಚಂದ್ರನು ಎಲ್ಲಕ್ಕಿಂತ ಒಳಗಿನವನು. ಶುಕ್ರ, ಚಂದ್ರಸಹಿತವಾದ ಭೂಮಿ, ಮಂಗಳ ಎಂಬ ಸಾಲು ಸೂರ್ಯಕೇಂದ್ರಮತದ್ದು. ತಿಂಗಳು, ಮಂಗಳ, ಅಂಗಳಗಳ ಪ್ರಾಸವೇ ಈ ಕ್ರಮಕ್ಕೆ ಕಾರಣವೆಂದು ಆಕ್ಷೇಪಿಸಬಹುದು. ಪ್ರಾಸವು ತಿಂಗಳನ್ನೂ ಮಂಗಳವನ್ನೂ ಹತ್ತಿರಕ್ಕೆ ತಂದಿತೆಂಬುದು ನಿಜ. ಬೆಳ್ಳಿಯು ಮೊದಲು ಬಂದುದಕ್ಕೆ ಅದು ಉತ್ತರವಾಗದು. ಆದರೂ ಕವಿಯ ಉದ್ದೇಶವನ್ನು ಇಷ್ಟರಿಂದಲೇ ನಿರ್ಣಯಿಸಲಾಗದು.

ಇನ್ನೊಂದು ಅಂಶ ಗಮನಾರ್ಹ. ಹಕ್ಕಿಯು ತಿಂಗಳಿನ ಊರಿನಲ್ಲಿ ನೀರು ಕುಡಿಯುತ್ತದೆ. ಚಂದ್ರನು ಜಲಮಯನೆಂಬುದು ವರಾಹಮಿಹಿರನ ಮತ. ‘ಗರಿ’ಯ ಕಾಲದ ವಿಜ್ಞಾನಕ್ಕೆ ಅವನು ಒಣನೆಲ. ಹೀಗೆ ಸಾಲು ಹೊಸ ಖಗೋಳದ್ದು, ನೀರು ಹಳೆಯ ಜ್ಯೋತಿಷದ್ದು. ಚಂದ್ರಯಾನ-1ರ ವೀಕ್ಷಣೆಗಳಿಂದ 2009ರಲ್ಲಿ ಅಲ್ಲಿ ಜಲಾಂಶದ ಕುರುಹು ತಿಳಿದುಬಂದಿತೆಂದು ಕವಿಯನ್ನು ದ್ರಷ್ಟಾರನೆಂದು ಹೊಗಳುವುದು ವಿಮರ್ಶೆಯಲ್ಲ. ಅಂತಹ ಹೊಗಳಿಕೆಯು ಕಾವ್ಯವನ್ನು ವಿಜ್ಞಾನದ ಸಾಕ್ಷಿಕಟ್ಟೆಗೆ ಎಳೆಯುತ್ತದೆ.

ಕಾವ್ಯವು ಶಾಸ್ತ್ರದ ಸತ್ಯವನ್ನು ಸಾಧಿಸುವುದೂ ಇಲ್ಲ, ಖಂಡಿಸುವುದೂ ಇಲ್ಲ. ಎರಡು ಯುಗಗಳ ತಿಳಿವು ಒಂದೇ ರೆಕ್ಕೆಬಡಿತಕ್ಕೆ ಒದಗಿತೇ ಎಂಬುದೇ ಇಲ್ಲಿ ಕೇಳತಕ್ಕ ಪ್ರಶ್ನೆ. ಈ ಕವಿತೆಯಲ್ಲಿ ಅದು ಒದಗಿದೆ.